ಸಾಲೊಮನ್ ಬುಚರ್

ಸಾಲೊಮನ್ ಡಿ. ಬುಚರ್ (1856–1927) ಅಮೆರಿಕದ ಛಾಯಾಗ್ರಾಹಕರು. ನೆಬ್ರಾಸ್ಕಾ ರಾಜ್ಯದ ಕಸ್ಟರ್ ಕೌಂಟಿಯ ಆರಂಭಿಕ ನೆಲಸಿಗರ ಬದುಕನ್ನು ಚಿತ್ರಗಳಲ್ಲಿ ದಾಖಲಿಸಿದವರೆಂದು ಪ್ರಸಿದ್ಧರು. 1880ರಲ್ಲಿ ನೆಬ್ರಾಸ್ಕಾಕ್ಕೆ ಬಂದ ಅವರಿಗೆ ಬೇಸಾಯವಾಗಲಿ ವೈದ್ಯಕೀಯ ವ್ಯಾಸಂಗವಾಗಲಿ ಕೈಹಿಡಿಯಲಿಲ್ಲ. 1886ರಲ್ಲಿ ಕೌಂಟಿಯ ಸಚಿತ್ರ ಇತಿಹಾಸವನ್ನು ಸಿದ್ಧಪಡಿಸಲು ಸಂಕಲ್ಪಿಸಿ, ಬಂಡಿಯಲ್ಲಿ ಸಂಚರಿಸತೊಡಗಿದರು. ಮರಗಳು ವಿರಳವಾದ ಆ ಬಯಲಿನಲ್ಲಿ ಹುಲ್ಲಿನ ಬೇರುಸಹಿತ ಕತ್ತರಿಸಿದ ಮಣ್ಣಿನ ಹೆಂಟೆಗಳಿಂದ ಮನೆ ಕಟ್ಟುತ್ತಿದ್ದರು. ಅವುಗಳ ಮುಂದೆ ದನಕರು, ಕುದುರೆಗಳೊಡನೆ ನಿಂತ ಕುಟುಂಬಗಳೇ ಬುಚರ್ ಅವರ ಮುಖ್ಯ ವಸ್ತು. ಮಣ್ಣಿನ ಮನೆ ಕಾಣಬಾರದೆಂದು ಆರ್ಗನ್ ವಾದ್ಯವನ್ನು ಬಯಲಿಗೆ ತಂದಿರಿಸಿ ತೆಗೆಸಿಕೊಂಡ ಚಿತ್ರವೂ ಇದೆ.

1899ರಲ್ಲಿ ಅವರ ಮನೆಗೆ ಬೆಂಕಿ ಬಿದ್ದು ಹಸ್ತಪ್ರತಿಗಳು ಸುಟ್ಟುಹೋದವು. ಕಣಜದಲ್ಲಿರಿಸಿದ್ದ ಗಾಜಿನ ನೆಗೆಟಿವ್‌ಗಳು ಮಾತ್ರ ಉಳಿದವು. ಪಶುಪಾಲಕ ಎಫ್ರೇಮ್ ಫಿಂಚ್ ಅವರ ಧನಸಹಾಯದಿಂದ ಗ್ರಂಥವು 1901ರಲ್ಲಿ ಪ್ರಕಟವಾಯಿತು. ಹಣದ ಅಡಚಣೆಯಲ್ಲಿದ್ದ ಬುಚರ್ 1912ರಲ್ಲಿ ತಮ್ಮ ಸಂಗ್ರಹವನ್ನು ನೆಬ್ರಾಸ್ಕಾ ರಾಜ್ಯ ಐತಿಹಾಸಿಕ ಸಂಘಕ್ಕೆ ಮಾರಿದರು. ಕೊಲೊರಾಡೊದಲ್ಲಿ ನಿಧನರಾದರು.