ಬಟಾಣಿಕಾಳಿನಷ್ಟು ಗ್ರಂಥಿಯ ಬೆನ್ನುಹತ್ತಿದ ವೈದ್ಯ

ಪ್ರಥಮ ಪಿಯುಸಿ ಜೀವಶಾಸ್ತ್ರ ಓದಿದವರಿಗೆಲ್ಲ ಪಿಟ್ಯುಟರಿ ಗ್ರಂಥಿ ಗೊತ್ತು. ಮಿದುಳಿನ ತಳದಲ್ಲಿ, ಕುದುರೆ ಜೀನಿನಂಥ ಎಲುಬಿನ ಕುಳಿಯಲ್ಲಿರುವ ಬಟಾಣಿಕಾಳಿನಷ್ಟು ಗ್ರಂಥಿ ಅದು. ಅದರಲ್ಲಿ ಗಡ್ಡೆ ಬೆಳೆದರೆ ಗುರುತಿಸುವುದು ಹೇಗೆ, ತೆಗೆಯುವುದು ಹೇಗೆ ಎಂದು ಕಲಿಸಿದವರಲ್ಲಿ ಅಮೆರಿಕದ ಡಾ. ಹಾರ್ವೆ ಕುಶಿಂಗ್ ಪ್ರಮುಖರು.

ಅವರು ಹುಟ್ಟಿದ್ದು 1869ರ ಏಪ್ರಿಲ್ 8ರಂದು, ಕ್ಲೀವ್‌ಲ್ಯಾಂಡ್‌ನ ವೈದ್ಯರ ಮನೆತನದಲ್ಲಿ. ಹಾರ್ವರ್ಡ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರು ಈಥರ್ ಕೊಡುತ್ತಿದ್ದ ರೋಗಿಯೊಬ್ಬರು ತೀರಿಕೊಂಡರು. ಆ ಸಾವನ್ನು ಅವರು ಮರೆಯಲಿಲ್ಲ. ಸಹಪಾಠಿ ಕಾಡ್‌ಮನ್ ಜೊತೆಗೂಡಿ, ಶಸ್ತ್ರಚಿಕಿತ್ಸೆಯುದ್ದಕ್ಕೂ ರೋಗಿಯ ನಾಡಿಬಡಿತವನ್ನು ದಾಖಲಿಸುವ ರೂಢಿ ಆರಂಭಿಸಿದರು. 1901ರಲ್ಲಿ ಇಟಲಿಯಿಂದ ರಕ್ತದೊತ್ತಡ ಅಳೆಯುವ ಸಾಧನ ತಂದು ಅಮೆರಿಕದಲ್ಲಿ ಬಳಕೆಗೆ ತಂದರು. ಇಂದು ನಮ್ಮ ಹುಬ್ಬಳ್ಳಿಯ ಆಸ್ಪತ್ರೆಗಳಲ್ಲಿ ತೋಳಿಗೆ ಸುತ್ತುವ ಪಟ್ಟಿ ಅದೇ ಸಾಧನದ ವಂಶದ್ದು.

ಸ್ಕ್ಯಾನ್ ಇಲ್ಲದ ಕಾಲವದು. ಕುಶಿಂಗ್ ರೋಗಿಯನ್ನೇ ಓದುತ್ತಿದ್ದರು. ದೊಡ್ಡವರಾದ ಮೇಲೂ ಕೈಕಾಲು, ದವಡೆ ಬೆಳೆಯುತ್ತಿವೆಯೇ? ದೃಷ್ಟಿನರಗಳು ಒತ್ತಿಹೋಗಿ ಅಕ್ಕಪಕ್ಕದ ನೋಟ ಮಾಯವಾಗಿದೆಯೇ? ಎಕ್ಸ್-ರೇಯಲ್ಲಿ ಎಲುಬಿನ ಕುಳಿ ಹಿಗ್ಗಿದೆಯೇ? 1909ರಲ್ಲಿ ಅಕ್ರೋಮೆಗಲಿ ಇದ್ದ ರೋಗಿಯೊಬ್ಬರ ಗ್ರಂಥಿಯ ಒಂದು ಭಾಗ ತೆಗೆದು ಗುಣ ಕಂಡರು. 1912ರಲ್ಲಿ ಪಿಟ್ಯುಟರಿ ರೋಗಗಳ ಬಗ್ಗೆ ಗ್ರಂಥ ಬರೆದರು. 1910ರಿಂದ 1925ರೊಳಗೆ ಮೂಗಿನ ದಾರಿಯಿಂದ 231 ಗಡ್ಡೆಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಆ್ಯಂಟಿಬಯೋಟಿಕ್ ಇಲ್ಲದ ಆ ದಿನಗಳಲ್ಲೂ ಸಾವಿನ ಪ್ರಮಾಣ ಶೇ. 5.6 ಮಾತ್ರ.

ಮುಖ ದುಂಡಗಾಗಿ, ಹೊಟ್ಟೆ ಬೆಳೆದು, ಕೈಕಾಲು ಸೋತು, ರಕ್ತದೊತ್ತಡ ಏರುವ ಕಾಯಿಲೆಗೂ ಈ ಗ್ರಂಥಿಯ ಪುಟ್ಟ ಗಡ್ಡೆಯೇ ಕಾರಣವಾಗಬಲ್ಲದೆಂದು 1932ರಲ್ಲಿ ವಿವರಿಸಿದರು. ಅದಕ್ಕೆ ಇಂದು ಅವರದೇ ಹೆಸರಿದೆ. 1939ರ ಅಕ್ಟೋಬರ್ 7ರಂದು ಕುಶಿಂಗ್ ತೀರಿಕೊಂಡರು. ಮರಣೋತ್ತರ ಪರೀಕ್ಷೆಯಲ್ಲಿ ಅವರ ಮಿದುಳಿನಲ್ಲೂ ಪುಟ್ಟ ಗಂಟೊಂದು ಕಂಡಿತು!

ಮುಂದೆ ಕುಶಿಂಗ್ ತಾವೇ ಕೈಬಿಟ್ಟಿದ್ದ ಮೂಗಿನ ದಾರಿಗೆ 1960ರ ದಶಕದಲ್ಲಿ ಕೆನಡಾದ ಜೂಲ್ಸ್ ಹಾರ್ಡಿ ಸೂಕ್ಷ್ಮದರ್ಶಕ ಬಳಸಿ ಹೊಸ ಜೀವ ಕೊಟ್ಟರು. ಈಗ ರಕ್ತದ ಹಾರ್ಮೋನ್ ಪರೀಕ್ಷೆ, ಎಂಆರ್‌ಐ, ದೃಷ್ಟಿವ್ಯಾಪ್ತಿ ಪರೀಕ್ಷೆಗಳಿಂದ ರೋಗ ತಿಳಿಯುತ್ತದೆ. ಈ ಗಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಪ್ರೊಲ್ಯಾಕ್ಟಿನ್ ಸ್ರವಿಸುವ ಗಡ್ಡೆಗಳು ಹೆಚ್ಚಾಗಿ ಮಾತ್ರೆಗೇ ಕುಗ್ಗುತ್ತವೆ.

ಆದರೆ ಮೊದಲು ಯಾರಾದರೂ ಗಮನಿಸಬೇಕು. ಮನೆಯ ಹಿರಿಯರ ಉಂಗುರ ಬಿಗಿಯಾದರೆ, ಚಪ್ಪಲಿಯ ಅಳತೆ ಏರಿದರೆ, ಪಕ್ಕದಿಂದ ಬರುವ ಆಟೊ ಅವರಿಗೆ ಕಾಣದಿದ್ದರೆ, ವಯಸ್ಸಾಯಿತೆಂದು ಸುಮ್ಮನಾಗದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.