ಹುಣಸೆಹಣ್ಣಿನ ಗಡಿಗೆಯೊಳಗಿನ ಸರ ಮತ್ತು ನಮ್ಮ ಶಂಕ್ರಣ್ಣ

ನಮ್ಮ ಬೇವೂರಿನ ಕಡೆ ಆಟೊ ಹತ್ತಿದ್ರೆ ಗಾಜಿನ ಮೇಲೆ ಶಂಕರ್‌ನಾಗ್ ಫೋಟೊ ಕಂಡೇ ಕಾಣುತ್ತೆ. 1980ರ ‘ಆಟೋ ರಾಜ’ ಬಂದಾಗ ಹುಟ್ಟೇ ಇರದ ಹುಡುಗರೂ ಅಂಟಿಸಿಕೊಂಡಿರ್ತಾರೆ. ನನಗೆ ಮಾತ್ರ ಶಂಕ್ರಣ್ಣ ಅಂದ್ರೆ ‘ಮಾಲ್ಗುಡಿ ಡೇಸ್’ನ ಎರಡು ಕಂತು.

1954ರ ನವೆಂಬರ್ 9ರಂದು ಹೊನ್ನಾವರದಲ್ಲಿ ಹುಟ್ಟಿದ ಅವರು ಮುಂಬೈಗೆ ಹೋಗಿ ಮರಾಠಿ ರಂಗಭೂಮಿ ಹಚ್ಚಿಕೊಂಡರು. 1978ರಲ್ಲಿ ಗಿರೀಶ್ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಸಿನಿಮಾ ಅವರನ್ನು ಕನ್ನಡಕ್ಕೆ ಕರೆತಂತು. ಮುಂದೆ ಫೈಟಿಂಗ್ ಹೀರೊ ಆಗಿ ದುಡಿಯುತ್ತಲೇ ತಮಗೆ ಬೇಕಾದ ಚಿತ್ರಗಳನ್ನು ನಿರ್ದೇಶಿಸಿದರು. 1985ರ ‘ಆಕ್ಸಿಡೆಂಟ್’ನಲ್ಲಿ ರಾಜಕಾರಣಿಯ ಮಗನ ಕಾರು ಫುಟ್‌ಪಾತ್ ಮೇಲೆ ಮಲಗಿದ್ದವರ ಮೇಲೆ ಹರಿಯುತ್ತೆ. ದುಡಿಯೋಕೆ ಬೆಂಗಳೂರಿಗೆ ಗುಳೆ ಹೋಗೋ ನಮ್ಮ ಜಿಲ್ಲೆಯವರಿಗೆ ಆ ಫುಟ್‌ಪಾತ್ ಪರಿಚಯದ್ದೇ.

ಆಮೇಲೆ ಬಂದದ್ದು ‘ಮಾಲ್ಗುಡಿ ಡೇಸ್’. ಆರ್.ಕೆ. ನಾರಾಯಣ್ ಅವರ ಕತೆಗಳನ್ನು ಶಂಕ್ರಣ್ಣ ದೂರದರ್ಶನಕ್ಕೆ ತಂದರು. ಆಗುಂಬೆಯೇ ಮಾಲ್ಗುಡಿ ಆಯಿತು. ಶುರುವಿನಲ್ಲಿ ಆರ್.ಕೆ. ಲಕ್ಷ್ಮಣ್ ಬಿಡಿಸಿದ ಚಿತ್ರಗಳು, ಹಿಂದೆ ಎಲ್. ವೈದ್ಯನಾಥನ್ ಸಂಗೀತ. ಬಹಳ ಮಂದಿ ಇದನ್ನು ಬಾಲ್ಯದ ಸಿಹಿ ನೆನಪು ಅಂತ ಎತ್ತಿಟ್ಟುಬಿಟ್ಟಿದಾರೆ. ನಂಗೆ ಹಾಗನ್ನಿಸಲ್ಲ.

ಒಂದು ಕತೆಯಲ್ಲಿ ಗುಮಾಸ್ತ ಅಪ್ಪ ಮಗಳನ್ನು ಸಿನಿಮಾಕ್ಕೆ ಕರೆದೊಯ್ಯುವ ಮಾತು ಕೊಟ್ಟಿರುತ್ತಾನೆ. ಆಫೀಸು ಬಿಡಲ್ಲ. ರೇಗಿ ರಾಜೀನಾಮೆ ಬರೆಯುತ್ತಾನೆ. ಅಷ್ಟರಲ್ಲಿ ಸಂಬಳ 5 ರೂಪಾಯಿ ಏರಿ ತಿಂಗಳಿಗೆ 45 ಆಗುತ್ತೆ, ರಾಜೀನಾಮೆ ಅಲ್ಲಿಗೇ ಮುಗೀತು. ಮನೆಗೆ ಬರುವಷ್ಟರಲ್ಲಿ ಫ್ರಾಕ್ ಹಾಕಿಕೊಂಡು ಕಾದ ಮಗು ಮಲಗಿಬಿಟ್ಟಿದೆ. ಲಾಗ್‌ಔಟ್ ಆಗದ ಇವತ್ತಿನ ನೌಕರಿಗೂ ಇದು ಹೊಂದುತ್ತೆ.

ಇನ್ನೊಂದು, ಪುಟ್ಟ ಲೀಲಾ ಮತ್ತು ಮನೆ ಆಳು ಸಿದ್ದನ ಕತೆ. ಅವಳ ಚಿನ್ನದ ಸರ ಕಾಣೆಯಾಗುತ್ತೆ. ಹಿಂದೆ ಜೈಲು ಕಂಡವನು ಅನ್ನೋದು ಸಾಕು, ಪೊಲೀಸರು ಸಿದ್ದನನ್ನು ಎಳೆದೊಯ್ಯುತ್ತಾರೆ. ಅವನನ್ನು ನಂಬೋದು ಮಗು ಮಾತ್ರ. ಕೊನೆಗೆ ಸರ ಸಿಗೋದು ಅಡುಗೆಮನೆಯ ಹುಣಸೆಹಣ್ಣಿನ ಗಡಿಗೆಯಲ್ಲಿ. ಆದರೂ ಯಜಮಾನನಿಗೆ ಅಂಥವನನ್ನು ಮನೆಯಲ್ಲಿ ಇಟ್ಟುಕೊಳ್ಳೋಕೆ ಮನಸ್ಸಿಲ್ಲ. ಸರ ಸಿಕ್ಕಿತು, ಸಿದ್ದನಿಗೆ ಕೆಲಸ ವಾಪಸ್ ಸಿಗಲಿಲ್ಲ.

ಈ ಕಂತು ನೋಡಿದಾಗ ನಾನು ತಲೆ ತಗ್ಗಿಸಿದೆ. ಒಮ್ಮೆ ನಮ್ಮ ಮನೇಲಿ ಮೊಬೈಲ್ ಕಾಣಲಿಲ್ಲ. ಪಾತ್ರೆ ತಿಕ್ಕೋಕೆ ಬರ್ತಿದ್ದ ಚಿಗವ್ವನನ್ನೇ ಮೊದಲು ಕೇಳಿದ್ದು. ಕೇಳಿದವನು ನಾನೇ. ಮೊಬೈಲ್ ಗಾದಿ ಕೆಳಗೆ ಸಿಕ್ಕಿತು. ಸಿಕ್ಕಿತು ಅಂತ ಅವಳಿಗೆ ಹೇಳಲೂ ಇಲ್ಲ. ಮರುದಿನದಿಂದ ಅವಳು ಬರಲಿಲ್ಲ. ಅದೇ ವಾರ ನಾನು ಫೇಸ್‌ಬುಕ್‌ನಲ್ಲಿ ಸಮಾನತೆ ಬಗ್ಗೆ ಉದ್ದುದ್ದ ಬರೆದಿದ್ದೆ.

1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಆನಗೋಡಿನಲ್ಲಿ ರಸ್ತೆ ಅಪಘಾತ. ‘ಜೋಕುಮಾರಸ್ವಾಮಿ’ ಚಿತ್ರೀಕರಣಕ್ಕೆ ಹೊರಟಿದ್ದ ಶಂಕ್ರಣ್ಣನಿಗೆ ಆಗ 35 ವರ್ಷ. ಅವರ ಮೆಟ್ರೊ ಕನಸಿನ ಬಗ್ಗೆ ನಾವು ಪ್ರತಿ ವರ್ಷ ಪೋಸ್ಟ್ ಹಾಕ್ತೀವಿ. ಹಾಕೋಣ, ತಪ್ಪೇನಿಲ್ಲ. ಆದರೆ ಪಡಸಾಲೆಯಲ್ಲಿ ಕೂತು ಯಾರನ್ನು ಕಳ್ಳ ಅಂತೀವಿ ಅನ್ನೋದೂ ರಾಜಕಾರಣವೇ ಅಂತ ತೋರಿಸಿದ್ದೂ ಅವರೇ ಅಲ್ವಾ?

ಚಿಗವ್ವನ ಮನೆ ನಮ್ಮ ಓಣಿ ದಾಟಿದರೆ ಸಿಗುತ್ತೆ. ಈ ಲೇಖನ ಕಳಿಸಿ ಅಲ್ಲಿಗೆ ಹೋಗಬೇಕು.