ರಾಬರ್ಟ್ ಓವನ್ ಮತ್ತು ಅವರ ಗಿರಣಿ

ಸಹಕಾರದ ಮಾತು ಬಂದರೆ ಇಂಗ್ಲೆಂಡಿನ ರಾಕ್‌ಡೇಲ್ ನೇಕಾರರನ್ನು ನೆನೆಯುತ್ತೇವೆ. ಆದರೆ ಅವರಿಗೂ ದಾರಿ ತೋರಿದ ರಾಬರ್ಟ್ ಓವನ್‌ರವರ ಹೆಸರು ನಮ್ಮ ಸದಸ್ಯ ಬಾಂಧವರಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಆದ್ದರಿಂದ ಈ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಅವರ ವಿಚಾರ ನಾಲ್ಕು ಮಾತು ಬರೆಯುತ್ತಿದ್ದೇವೆ.

ಓವನ್‌ರವರು 1771ರಲ್ಲಿ ವೇಲ್ಸ್ ಪ್ರಾಂತದ ನ್ಯೂಟೌನ್‌ನಲ್ಲಿ ಜನಿಸಿದರು. ತಂದೆ ಕುದುರೆ ಜೀನು ಮಾಡುವವರು. ಹತ್ತು ವರ್ಷಕ್ಕೇ ಓದು ಬಿಟ್ಟು ಬಟ್ಟೆ ಅಂಗಡಿ ಸೇರಿದ ಹುಡುಗ, ಇಪ್ಪತ್ತರ ಸುಮಾರಿಗೆ ಮ್ಯಾಂಚೆಸ್ಟರಿನ ನೂಲಿನ ಗಿರಣಿಗೆ ಮ್ಯಾನೇಜರ್ ಆದರು ಅಂದರೆ ಎಂಥ ಚುರುಕು ನೋಡಿ!

1799ರಲ್ಲಿ ಪಾಲುದಾರರೊಡನೆ ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್ ಗಿರಣಿಗಳನ್ನು ಕೊಂಡರು. ಮಾರಿದ ಡೇವಿಡ್ ಡೇಲ್‌ರವರ ಮಗಳನ್ನೇ ಮದುವೆಯಾದರು. ಕ್ಲೈಡ್ ನದಿಯ ನೀರಿನಿಂದ ತಿರುಗುತ್ತಿದ್ದ ಆ ಗಿರಣಿಗಳನ್ನು ನಂಬಿ ಸುಮಾರು 2000 ಜನ ಅಲ್ಲೇ ವಾಸವಿದ್ದರು.

ನಮಗೆ ಮುಖ್ಯವಾದದ್ದು ಅವರ ಅಂಗಡಿ. ಆ ಕಾಲದಲ್ಲಿ ಎಷ್ಟೋ ಗಿರಣಿ ಊರುಗಳಲ್ಲಿ ಕೂಲಿಗಾರರಿಗೆ ಕಳಪೆ ಮಾಲು, ದುಬಾರಿ ಬೆಲೆ. ಓವನ್ ಒಳ್ಳೇ ಸಾಮಾನನ್ನು ಸಗಟಾಗಿ ಕೊಂಡು, ಅಸಲಿನ ಮೇಲೆ ಅಲ್ಪಸ್ವಲ್ಪ ಇಟ್ಟು ಮಾರಿಸಿದರು. ಬಂದ ಲಾಭ ಶಾಲೆಗೆ ಹೋಯಿತು. ಇದನ್ನು ನಮ್ಮ ನ್ಯಾಯಬೆಲೆ ಅಂಗಡಿಯ ಅಜ್ಜ ಅಂದರೂ ತಪ್ಪಾಗಲಾರದು. ಹತ್ತು ವರ್ಷದೊಳಗಿನ ಮಕ್ಕಳನ್ನು ಕೆಲಸದಿಂದ ಬಿಡಿಸಿದರು. 1806-07ರಲ್ಲಿ ಅಮೆರಿಕದ ಹತ್ತಿ ಬಾರದೆ ಗಿರಣಿ ನಾಲ್ಕು ತಿಂಗಳು ನಿಂತಾಗಲೂ ಪೂರಾ ಸಂಬಳ ಕೊಟ್ಟರು. ಆಮೇಲೆ ಆಳುಗಳು ಅವರನ್ನು ನಂಬದೇ ಇರ್ತಾರೆಯೇ?

1816ರ ಜನವರಿ 1ರಂದು ಒಂದು ದೊಡ್ಡ ಕಟ್ಟಡ ತೆರೆದರು. ಹಗಲು ಮಕ್ಕಳಿಗೆ ಪಾಠ, ಸಂಜೆ ದುಡಿದು ಬಂದವರಿಗೆ ಓದು, ಉಪನ್ಯಾಸ, ಸಂಗೀತ, ಕುಣಿತ.

ಎಲ್ಲವೂ ಗೆದ್ದಿತೆಂದು ಹೇಳಲಾರೆವು. ಅಮೆರಿಕದಲ್ಲಿ 1825ರಲ್ಲಿ ನ್ಯೂ ಹಾರ್ಮನಿ ಎಂಬ ಊರನ್ನೇ ಕೊಂಡು ಎಲ್ಲರೂ ಒಟ್ಟಿಗೆ ದುಡಿದು ಬಾಳುವ ಏರ್ಪಾಡು ಮಾಡಿದರು. ಅದು ಎರಡೇ ವರ್ಷದಲ್ಲಿ ಮುರಿದು, ಆಸ್ತಿಯ ಬಹುಪಾಲು ಕರಗಿತು. ಬಂದವರೆಲ್ಲ ದುಡಿಯಲು ಬಂದವರಲ್ಲ, ಅದೇ ಕಾರಣ ಅಂತ ನಮ್ಮ ಎಣಿಕೆ. ಆದರೂ 1844ರಲ್ಲಿ ರಾಕ್‌ಡೇಲಿನಲ್ಲಿ ಅಂಗಡಿ ತೆರೆದ 28 ಮಂದಿಯಲ್ಲಿ ಓವನ್‌ರ ಅನುಯಾಯಿಗಳಿದ್ದರು. 1858ರಲ್ಲಿ ಅವರು ಹುಟ್ಟೂರಿನಲ್ಲೇ ತೀರಿಕೊಂಡರು.

ಗಿರಣಿ ಮಾತ್ರ 1968ರವರೆಗೆ ನಡೆದು ಮುಚ್ಚಿತು. ಜನ ಊರು ಬಿಟ್ಟರು, ಸೂರು ಕುಸಿಯತೊಡಗಿತು. ಕೆಡವಿ ಹಾಕುವ ಮೊದಲೇ 1970ರ ದಶಕದಲ್ಲಿ ಒಂದು ಟ್ರಸ್ಟ್ ರಚನೆಯಾಗಿ ಒಂದೊಂದಾಗಿ ದುರಸ್ತಿ ಮಾಡಿತು. 2001ರಲ್ಲಿ ಅದು ವಿಶ್ವ ಪರಂಪರೆಯ ತಾಣವಾಯಿತು. ಒಂದು ಗಿರಣಿ ಹೋಟೆಲ್ ಆಗಿದೆ. ಇನ್ನೊಂದರಲ್ಲಿ ಅದೇ ನದಿ ನೀರು ಕರೆಂಟು ತೆಗೆಯುತ್ತಿದೆ. ಕೂಲಿಗಾರರ ಮನೆಗಳಲ್ಲಿ ಮತ್ತೆ ಸಂಸಾರಗಳಿವೆ. ಓವನ್ ತೆರೆದ ಕಟ್ಟಡದಲ್ಲಿ ಈಗಲೂ ಜನ ಸೇರುತ್ತಾರೆ.